ಓಪನರ್ ಇಲ್ಲದೆ ವೈನ್ ಬಾಟಲಿ ತೆರೆಯಲು 12 ಸೂತ್ರಗಳು

ಪ್ರಾಜೆಕ್ಟ್ ಮುಗಿದಿದೆ. ಇಡೀ ಟೀಮ್ ಸಕಲೇಶಪುರದ ಹೋಂಸ್ಟೇ ಒಂದಕ್ಕೆ ಬಂದಿಳಿದಿದೆ. ಮ್ಯಾನೇಜರ್ ಒಳ್ಳೆಯ ರೆಡ್ ವೈನ್ ತಂದಿದ್ದಾರೆ, ಓಪನರ್ ತಂದಿಲ್ಲ. ಹತ್ತು ಜನ ಬಾಟಲಿ ಸುತ್ತ ನಿಂತಿದ್ದಾರೆ. ಒಬ್ಬರು ಚಾಕು ತರಲು ಓಡುತ್ತಾರೆ, ಇನ್ನೊಬ್ಬರು ವಿಡಿಯೊ ಹುಡುಕುತ್ತಾರೆ, ಮತ್ತೊಬ್ಬರು ಶೂ ಬಿಚ್ಚುತ್ತಿದ್ದಾರೆ. ನೆಟ್‌ವರ್ಕ್ ಇಲ್ಲ.

ಇಂಥ ಹೊತ್ತಿನಲ್ಲಿ ಮುಂದೆ ಬರುವವರು ನೀವಾಗಬೇಕು. ಆಗಬಹುದು ಕೂಡ. ಇದಕ್ಕೆ ತೋಳ್ಬಲ ಬೇಡ, ಪಿಯುಸಿಯಲ್ಲಿ ಓದಿದ ಫಿಸಿಕ್ಸ್ ಸಾಕು. "ನನ್ನಿಂದಾಗಲ್ಲಪ್ಪ" ಎಂದು ಹಿಂದೆ ಸರಿಯುವುದು ಒಂದು ಅಭ್ಯಾಸ ಅಷ್ಟೇ, ಅದನ್ನು ಇವತ್ತೇ ಬಿಡಿ. ಕೆಳಗಿನ ಸೂತ್ರಗಳನ್ನು ಓದಿ, ಕಾರಣ ಸಮೇತ ತಲೆಯಲ್ಲಿಟ್ಟುಕೊಳ್ಳಿ. ಕಾರಣ ಗೊತ್ತಿದ್ದವರ ಕೈ ನಡುಗುವುದಿಲ್ಲ.

1. ಕಾರ್ಕ್ ಇದೆಯೇ, ಮೊದಲು ನೋಡಿ

ನಗಬೇಡಿ. ಓಪನರ್ ಹುಡುಕಿ ಅರ್ಧ ಗಂಟೆ ಕಳೆದ ಮೇಲೆ ಮುಚ್ಚಳ ಕೈಯಲ್ಲೇ ತಿರುಗುತ್ತದೆ ಎಂದು ಗೊತ್ತಾಗುವುದು ಅಪರೂಪವೇನಲ್ಲ. ಬಾಟಲಿಯ ಕತ್ತನ್ನು ಬೆಳಕಿಗೆ ಹಿಡಿಯಿರಿ. ಲೋಹದ ಹೊದಿಕೆಯ ಕೆಳಭಾಗದಲ್ಲಿ ಸುತ್ತಲೂ ಸಣ್ಣ ಸಣ್ಣ ಕಡಿತದ ಗೆರೆ ಕಂಡರೆ ಅದು ಸ್ಕ್ರೂ ಕ್ಯಾಪ್. ಒಂದು ಕೈಯಲ್ಲಿ ಕತ್ತು ಹಿಡಿದು ಇನ್ನೊಂದರಲ್ಲಿ ತಿರುಗಿಸಿ, ಮುಗಿಯಿತು.

ಸ್ಕ್ರೂ ಕ್ಯಾಪ್ ಎಂದರೆ ಅಗ್ಗದ ವೈನ್ ಎಂಬ ಅನುಮಾನವನ್ನೂ ಈಗಲೇ ತೆಗೆದುಹಾಕಿ. ಆಸ್ಟ್ರೇಲಿಯಾದ ಕ್ಲೇರ್ ವ್ಯಾಲಿಯ ರೀಸ್ಲಿಂಗ್ ತಯಾರಕರು 2000ರಲ್ಲಿ ಒಟ್ಟಾಗಿ ಕಾರ್ಕ್ ಬಿಟ್ಟು ಈ ಮುಚ್ಚಳಕ್ಕೆ ಬದಲಾದರು. ಅದರ ಬೆನ್ನಿಗೇ ನ್ಯೂಜಿಲೆಂಡ್ ಅದೇ ದಾರಿ ಹಿಡಿಯಿತು. ಅವರು ಹಾಗೆ ಮಾಡಿದ್ದು ಗುಣಮಟ್ಟ ಕಾಪಾಡಲು. ನಮ್ಮ ದೇಶದ ವೈನ್‌ಗಳಲ್ಲೂ ಸ್ಕ್ರೂ ಕ್ಯಾಪ್ ಈಗ ಸಾಮಾನ್ಯ. ಪ್ರವಾಸಕ್ಕೆ ವೈನ್ ಆರಿಸುವ ಕೆಲಸ ನಿಮ್ಮ ಪಾಲಿಗೆ ಬಂದರೆ ಇದನ್ನೇ ಆರಿಸಿ.

2. ಎದುರಾಳಿಯನ್ನು ಅರ್ಥ ಮಾಡಿಕೊಳ್ಳಿ

ಈ ಒಂದು ಸೂತ್ರವನ್ನು ನಿಧಾನವಾಗಿ ಓದಿ. ಉಳಿದದ್ದೆಲ್ಲ ಇದರಿಂದಲೇ ಹುಟ್ಟುತ್ತದೆ.

ಕಾರ್ಕ್ ಎಂದರೆ ಮರದ ತೊಗಟೆ. ಪೋರ್ಚುಗಲ್, ಸ್ಪೇನ್ ಕಡೆ ಬೆಳೆಯುವ ಕಾರ್ಕ್ ಓಕ್ ಮರದಿಂದ ಅದನ್ನು ಸುಲಿಯುತ್ತಾರೆ. ಮರ ಕಡಿಯುವುದಿಲ್ಲ. ಮೊದಲ ಸುಲಿತಕ್ಕೆ ಮರಕ್ಕೆ ಸುಮಾರು 25 ವರ್ಷ ಆಗಿರಬೇಕು. ಆಮೇಲೆ ಒಂಬತ್ತು ವರ್ಷಕ್ಕೊಮ್ಮೆ ಸುಲಿಯಬಹುದು. ಬಾಟಲಿಗೆ ತಕ್ಕ ಒಳ್ಳೆಯ ಕಾರ್ಕ್ ಸಿಗುವುದು ಮೂರನೇ ಸುಲಿತದಿಂದ. ಅಂದರೆ ನಿಮ್ಮ ಮುಂದಿರುವ ಬಿರಡೆಯ ಹಿಂದೆ ನಲವತ್ತು ವರ್ಷ ದಾಟಿದ ಮರವೊಂದು ಇದೆ.

ಈಗ ಅಳತೆ ನೋಡಿ. ಕಾರ್ಕ್‌ನ ಸಹಜ ದಪ್ಪ ಸುಮಾರು 24 ಮಿ.ಮೀ. ಬಾಟಲಿಯ ಬಾಯಿಯ ಒಳಗಿನ ಅಗಲ ಸುಮಾರು 18.5 ಮಿ.ಮೀ. ಮಾತ್ರ. ಕಾರ್ಖಾನೆಯ ಯಂತ್ರ ಕಾರ್ಕನ್ನು 16 ಮಿ.ಮೀ. ಹತ್ತಿರಕ್ಕೆ ಹಿಂಡಿ ಒಳಗೆ ಇಳಿಸುತ್ತದೆ. ಒಳಗೆ ಹೋದ ಕಾರ್ಕ್ ಮತ್ತೆ ಹಿಗ್ಗಲು ನೋಡುತ್ತದೆ, ಗಾಜು ಬಿಡುವುದಿಲ್ಲ. ಈ ಜಗ್ಗಾಟವೇ ಬಾಟಲಿಯ ಬೀಗ. ಗೋಂದಿಲ್ಲ, ಮೊಳೆಯಿಲ್ಲ, ಇರುವುದು ಬರೀ ಘರ್ಷಣೆ. ಅದನ್ನು ನೇರವಾಗಿ ಎಳೆದು ತೆಗೆಯಲು ಸಾಮಾನ್ಯವಾಗಿ 20ರಿಂದ 40 ಕೆ.ಜಿ. ಭಾರ ಎತ್ತುವಷ್ಟು ಬಲ ಬೇಕು. ಬೆರಳಿಗೆ ಬರಲಿಲ್ಲ ಎಂದು ನಾಚಬೇಡಿ, ಯಾರ ಬೆರಳಿಗೂ ಬರುವುದಿಲ್ಲ.

ಕಾರ್ಕ್ ಹೀಗೆ ಹಿಂಡಿಸಿಕೊಳ್ಳುವುದು ಏಕೆ? ಅದರ ಒಂದು ಘನ ಸೆಂಟಿಮೀಟರ್‌ನಲ್ಲಿ ಗಾಳಿ ತುಂಬಿದ ಸುಮಾರು ನಾಲ್ಕು ಕೋಟಿ ಕೋಶಗಳಿವೆ. 1665ರಲ್ಲಿ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದ ಕೆಳಗೆ ಕಂಡು 'ಸೆಲ್' ಎಂದು ಹೆಸರಿಟ್ಟದ್ದು ಇದೇ ಕಾರ್ಕ್‌ನ ಕೋಶಗಳಿಗೆ. ಹೈಸ್ಕೂಲಿನ ಜೀವಶಾಸ್ತ್ರ ಪುಸ್ತಕದಲ್ಲಿ ನೀವು ಆ ಚಿತ್ರ ಬಿಡಿಸಿದ್ದೀರಿ.

ಇನ್ನೂ ಒಂದು ಗುಣ ಇದೆ, ನಮಗೆ ಉಪಯೋಗಕ್ಕೆ ಬರುವುದು ಅದೇ. ರಬ್ಬರ್ ತುಂಡನ್ನು ಮೇಲಿನಿಂದ ಒತ್ತಿದರೆ ಅದು ಪಕ್ಕಕ್ಕೆ ಉಬ್ಬುತ್ತದೆ. ಕಾರ್ಕ್ ಬಹುಮಟ್ಟಿಗೆ ಉಬ್ಬುವುದಿಲ್ಲ. ಹಾಗಾಗಿ ಅದನ್ನು ಎಳೆಯುವಂತೆಯೇ ಒಳಗೆ ತಳ್ಳಲೂ ಬರುತ್ತದೆ. ಎರಡು ದಾರಿಗಳೂ ತೆರೆದಿವೆ ಎಂದಾಯಿತು.

ಮತ್ತೆ, ನಿಂತ ವಸ್ತುವನ್ನು ಅಲುಗಿಸುವುದು ಕಷ್ಟ, ಅಲುಗಿದ ಮೇಲೆ ಸರಿಸುವುದು ಸುಲಭ. ಆದ್ದರಿಂದ ಯಾವ ವಿಧಾನವೇ ಇರಲಿ, ಮೊದಲ ಎರಡು ಮಿಲಿಮೀಟರ್‌ಗೆ ನಿಮ್ಮ ಪೂರ್ತಿ ತಾಳ್ಮೆ ಕೊಡಿ.

3. ಬಾಟಲಿಯನ್ನು ಸಿದ್ಧಪಡಿಸಿ

ಫಾಯಿಲ್ ಪೂರ್ತಿ ಕಿತ್ತು ಹಾಕಿ. ಬಾಯಿಯ ಅಂಚನ್ನು ಒದ್ದೆ ಬಟ್ಟೆಯಿಂದ ಒರೆಸಿ. ಗಾಜಿನಲ್ಲಿ ಬಿರುಕು, ಚಕ್ಕೆ ಎದ್ದ ಗುರುತು ಇದೆಯೇ ಎಂದು ಬೆರಳಾಡಿಸದೆ ಕಣ್ಣಿನಿಂದಲೇ ನೋಡಿ. ಬಿರುಕಿದ್ದರೆ ಆ ಬಾಟಲಿಯನ್ನು ಪಕ್ಕಕ್ಕಿಡಿ, ಪ್ರಯತ್ನವೇ ಬೇಡ.

ಬಿಸಿಲಲ್ಲಿ ನಿಂತ ಕಾರಿನಿಂದ ತಂದ ಬಾಟಲಿಯೇ? ಅರ್ಧ ಗಂಟೆ ಫ್ರಿಜ್‌ನಲ್ಲಿ ನೆಟ್ಟಗೆ ನಿಲ್ಲಿಸಿ. ಬಿಸಿಗೆ ವೈನ್ ಹಿಗ್ಗಿ ಒಳಗಿನ ಒತ್ತಡ ಏರಿರುತ್ತದೆ. ತಣ್ಣಗಾದರೆ ಒತ್ತಡ ಇಳಿದು, ತೆರೆದಾಗ ಚಿಮ್ಮುವುದು ಕಡಿಮೆಯಾಗುತ್ತದೆ. ಬಾಟಲಿ ನೆಟ್ಟಗೆ ನಿಂತಿರುವಷ್ಟು ಹೊತ್ತು ತಳದ ಗಸಿಯೂ ಕೆಳಗೇ ಕೂರುತ್ತದೆ.

ದಪ್ಪ ಟವೆಲ್ ಒಂದನ್ನು ಹತ್ತಿರ ಇಟ್ಟುಕೊಳ್ಳಿ. ಕೈಗೂ ಗಾಜಿಗೂ ನಡುವೆ ಯಾವಾಗಲೂ ಬಟ್ಟೆ ಇರಲಿ. ಇದರಲ್ಲಿ ರಾಜಿ ಬೇಡ.

4. ಬ್ಯಾಗ್ ತಡಕಿ, ಆಮೇಲೆ ಬಾಯಿಬಿಟ್ಟು ಕೇಳಿ

ಟೀಮ್‌ನಲ್ಲಿ ಟ್ರೆಕ್ಕಿಂಗ್ ಮಾಡುವವರು ಒಬ್ಬರಾದರೂ ಇರುತ್ತಾರೆ. ಅವರ ಬಳಿ ಸ್ವಿಸ್ ಚಾಕು ಇದೆಯೇ ಕೇಳಿ. ಕಾರ್ಲ್ ಎಲ್ಸೆನರ್ 1897ರಲ್ಲಿ ರೂಪಿಸಿದ ಆಫೀಸರ್ ಚಾಕುವಿನಲ್ಲೇ ಕಾರ್ಕ್‌ಸ್ಕ್ರೂ ಇತ್ತು. ಇವತ್ತಿಗೂ ಹಲವು ಮಾಡೆಲ್‌ಗಳ ಬೆನ್ನಿನಲ್ಲಿ ಅದು ಮಡಚಿಕೊಂಡು ಕೂತಿರುತ್ತದೆ. ಚಾಕು ಇಟ್ಟುಕೊಂಡವರಿಗೇ ಎಷ್ಟೋ ಸಲ ಅದು ಏನೆಂದು ಗೊತ್ತಿರುವುದಿಲ್ಲ.

ಇಲ್ಲವೇ? ಹೋಂಸ್ಟೇ ಅಡುಗೆಮನೆಯಲ್ಲಿ ಕೇಳಿ, ಪಕ್ಕದ ರೂಮಿನವರನ್ನು ಕೇಳಿ. ಸಹಾಯ ಕೇಳಿದರೆ ಸಣ್ಣವರಾಗುತ್ತೇವೆ ಎಂಬ ಭಾವನೆ ಆಫೀಸಿನಲ್ಲೂ ನಿಮ್ಮನ್ನು ಹಿಂದಕ್ಕೆ ಎಳೆಯುತ್ತಿದೆ. ಎರಡು ನಿಮಿಷದ ಮಾತು ಇಪ್ಪತ್ತು ನಿಮಿಷದ ಗುದ್ದಾಟ ಉಳಿಸುತ್ತದೆ.

5. ಸ್ಕ್ರೂ ಮತ್ತು ಕಟಿಂಗ್ ಪ್ಲೇಯರ್: ಇದು ನಂಬರ್ ಒನ್

ನನ್ನ ಮೊದಲ ಆಯ್ಕೆ ಇದೇ. ಕಾರ್ಕ್ ಹೊರಗೆ ಬರುತ್ತದೆ, ವೈನ್ ಕಲಕುವುದಿಲ್ಲ, ಗಾಜಿನ ಮೇಲೆ ಪೆಟ್ಟು ಬೀಳುವುದಿಲ್ಲ.

ಬೇಕಾದದ್ದು: ಎರಡು ಇಂಚು ಉದ್ದದ ಮರದ ಸ್ಕ್ರೂ ಒಂದು, ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್. ಕಾರಿನ ಟೂಲ್ ಕಿಟ್‌ನಲ್ಲಿ ಇವು ಸಿಗುತ್ತವೆ, ಹೋಂಸ್ಟೇಯ ಕೆಲಸದವರ ಬಳಿಯಂತೂ ಖಂಡಿತ ಇರುತ್ತವೆ. ಸ್ಕ್ರೂವಿನ ಸುರುಳಿ ಅಗಲವಾಗಿರಲಿ. ಒತ್ತೊತ್ತಾದ ಸುರುಳಿ ಇದ್ದರೆ ಕಾರ್ಕ್ ಪುಡಿಯಾಗುತ್ತದೆ. ತುಕ್ಕು ಹಿಡಿದದ್ದು ಬೇಡ. ಹೊಸದಾದರೂ ಸೋಪು ಹಾಕಿ ತೊಳೆದು, ಒರೆಸಿ ಬಳಸಿ. ಅದರ ಮೇಲೆ ಎಣ್ಣೆ ಇರುತ್ತದೆ.

ಕಾರ್ಕ್‌ನ ನಟ್ಟ ನಡುವೆ ಸ್ಕ್ರೂ ಊರಿ. ಬಾಟಲಿ ಮೇಜಿನ ಮೇಲೆ ನೆಟ್ಟಗಿರಲಿ, ಕತ್ತನ್ನು ಟವೆಲ್ ಸುತ್ತಿ ಗಟ್ಟಿಯಾಗಿ ಹಿಡಿಯಿರಿ. ನಿಧಾನವಾಗಿ, ಲಂಬವಾಗಿ ತಿರುಗಿಸಿ. ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ಹೆಚ್ಚು ಹೊರಗೆ ಉಳಿದಾಗ ನಿಲ್ಲಿಸಿ. ಸ್ಕ್ರೂ ಕಾರ್ಕ್‌ನ ತಳ ದಾಟಿ ಹೊರಟರೆ ಪುಡಿ ವೈನಿಗೆ ಬೀಳುತ್ತದೆ.

ಈಗ ಪ್ಲೇಯರ್‌ನಿಂದ ಸ್ಕ್ರೂ ತಲೆ ಹಿಡಿಯಿರಿ. ತಕ್ಷಣ ಎಳೆಯಬೇಡಿ. ಮೊದಲು ಸ್ಕ್ರೂ ಒಳಗೆ ಹೋದ ದಿಕ್ಕಿನಲ್ಲೇ ಇನ್ನೂ ಸ್ವಲ್ಪ ಬಲ ಹಾಕಿ ತಿರುಗಿಸಿ, ಕಾರ್ಕ್ ಪೂರ್ತಿಯಾಗಿ ಒಂದಿಷ್ಟು ತಿರುಗಬೇಕು. ಗಾಜಿಗೆ ಅಂಟಿ ಕೂತ ಕಾರ್ಕ್ ಸಡಿಲವಾಗುವುದು ಆಗಲೇ.

ಇದು ಹೊಸ ಐಡಿಯಾ ಅಲ್ಲ. ಬಂದೂಕಿನ ನಳಿಗೆಯಲ್ಲಿ ಸಿಕ್ಕಿಕೊಂಡ ಮದ್ದಿನ ಗಿಡಿತವನ್ನು ಎಳೆಯಲು ಸೈನಿಕರು ಬಳಸುತ್ತಿದ್ದ ಸುರುಳಿಯೇ ಕಾರ್ಕ್‌ಸ್ಕ್ರೂವಿನ ಪೂರ್ವಜ ಎನ್ನುತ್ತಾರೆ. ಕಾರ್ಕ್ ತೆಗೆಯುವ ಉಕ್ಕಿನ ಸುರುಳಿಯ ಪ್ರಸ್ತಾಪ 1681ರಲ್ಲೇ ಇಂಗ್ಲೆಂಡಿನ ನೆಹೆಮಯಾ ಗ್ರೂ ಬರೆದ ಪುಸ್ತಕದಲ್ಲಿದೆ. ಆದರೆ ಕಾರ್ಕ್‌ಸ್ಕ್ರೂವಿಗೆ ಮೊದಲ ಪೇಟೆಂಟ್ ಸಿಕ್ಕಿದ್ದು 1795ರಲ್ಲಿ, ಸ್ಯಾಮ್ಯುಯೆಲ್ ಹೆನ್‌ಶಾಲ್ ಎಂಬ ಇಂಗ್ಲಿಷ್ ಪಾದ್ರಿಗೆ. ಅವರು ಸೇರಿಸಿದ್ದು ಒಂದೇ ಒಂದು ಬಿಲ್ಲೆ. ಸುರುಳಿಯ ಮೇಲ್ತುದಿಯಲ್ಲಿ ಕೂತ ಆ ಬಿಲ್ಲೆ ಕಾರ್ಕ್‌ಗೆ ತಾಗಿದ ಮೇಲೆ ಸುರುಳಿ ಇನ್ನು ಒಳಗಿಳಿಯುವುದಿಲ್ಲ. ಇನ್ನೂ ತಿರುಗಿಸಿದರೆ ಕಾರ್ಕೇ ತಿರುಗುತ್ತದೆ, ಹಿಡಿತ ಬಿಡುತ್ತದೆ. ನಿಮ್ಮ ಪ್ಲೇಯರ್ ಮಾಡುತ್ತಿರುವುದೂ ಹೆನ್‌ಶಾಲ್ ಅವರ ಬಿಲ್ಲೆಯ ಕೆಲಸವನ್ನೇ.

ಸಡಿಲವಾದ ಮೇಲೆ ನೇರ ಮೇಲಕ್ಕೆ ಎಳೆಯಿರಿ. ಬಲ ಸಾಲದಿದ್ದರೆ ಕುರ್ಚಿಯಲ್ಲಿ ಕೂತು, ಟವೆಲ್ ಸುತ್ತಿದ ಬಾಟಲಿಯನ್ನು ಎರಡು ಮೊಣಕಾಲುಗಳ ನಡುವೆ ಹಿಡಿದು ಎಳೆಯಿರಿ. ಮುಖ ಬಾಟಲಿಯ ನೇರಕ್ಕೆ ಇರಬಾರದು. ಪಕ್ಕಕ್ಕೆ ವಾಲಿಸಿ ಎಳೆದರೆ ಕಾರ್ಕ್ ಮುರಿಯುತ್ತದೆ, ಅಂಚಿನ ಗಾಜು ಚಕ್ಕೆ ಏಳಬಹುದು.

ಪ್ಲೇಯರ್ ಇಲ್ಲದಿದ್ದರೆ ಫೋರ್ಕ್‌ನ ಹಲ್ಲುಗಳನ್ನು ಸ್ಕ್ರೂ ತಲೆಯ ಕೆಳಗೆ ಸಿಕ್ಕಿಸಿ ಎಳೆಯಿರಿ. ಕ್ಯಾಲೆಂಡರ್ ತೂಗುಹಾಕುವ ಕೊಕ್ಕೆ ಸ್ಕ್ರೂ ಸಿಕ್ಕರೆ ಇನ್ನೂ ಒಳ್ಳೆಯದು. ಕೊಕ್ಕೆಯೊಳಗೆ ಗಟ್ಟಿ ಚಮಚದ ಹಿಡಿ ತೂರಿಸಿ, ಎರಡೂ ಕಡೆ ಬೆರಳು ಹಾಕಿ ಎಳೆದರೆ ಸಾಕು.

6. ಹೊರಗೆ ಬರದಿದ್ದರೆ ಒಳಗೆ ತಳ್ಳಿ

ಸ್ಕ್ರೂ ಇಲ್ಲ, ಪ್ಲೇಯರ್ ಇಲ್ಲ. ತಲೆ ಕೆಡಿಸಿಕೊಳ್ಳಬೇಡಿ. ಕಾರ್ಕನ್ನು ಒಳಗೆ ತಳ್ಳುವುದು ಸೋಲು ಎಂದು ಯಾರೋ ನಿಮಗೆ ಹೇಳಿಕೊಟ್ಟಿದ್ದಾರೆ. ಅದನ್ನು ಮರೆತುಬಿಡಿ. ಗುರಿ ವೈನ್ ಲೋಟಕ್ಕೆ ಬರುವುದು. ಕಾರ್ಕ್ ಎಲ್ಲಿದ್ದರೇನು?

ಬಾಟಲಿಯ ಬಾಯಿಗಿಂತ ಸ್ವಲ್ಪ ಸಣ್ಣದಾದ, ತುದಿ ಮೊಂಡಾದ ಗಟ್ಟಿ ವಸ್ತು ಬೇಕು. ಮರದ ಸೌಟಿನ ಹಿಡಿ ಅತ್ಯುತ್ತಮ. ದಪ್ಪ ಮಾರ್ಕರ್ ಪೆನ್ ಕೂಡ ನಡೆಯುತ್ತದೆ, ಚೆನ್ನಾಗಿ ತೊಳೆಯಿರಿ. ಚೂಪಾದದ್ದು, ಗಾಜಿನದು ಬೇಡ.

ಬಾಟಲಿಯನ್ನು ಸಿಂಕ್‌ನೊಳಗೆ ಮಡಚಿದ ಬಟ್ಟೆಯ ಮೇಲೆ ನಿಲ್ಲಿಸಿ. ಕತ್ತಿಗೂ ಹಿಡಿಗೂ ಸೇರಿಸಿ ಟವೆಲ್ ಸುತ್ತಿ. ಸೌಟಿನ ಹಿಡಿಯನ್ನು ಕಾರ್ಕ್ ಮೇಲಿಟ್ಟು ದೇಹದ ಭಾರ ಹಾಕಿ ಸಮವಾಗಿ ಒತ್ತಿ. ಗುದ್ದಬೇಡಿ, ಸುತ್ತಿಗೆಯಿಂದ ಬಡಿಯಬೇಡಿ. ಒತ್ತಿ, ಎರಡು ಉಸಿರಿನಷ್ಟು ನಿಲ್ಲಿ, ಮತ್ತೆ ಒತ್ತಿ.

ಇಷ್ಟೆಲ್ಲ ಎಚ್ಚರ ಏಕೆ ಬೇಕು? ಕಾರ್ಕ್‌ಗೂ ವೈನಿಗೂ ನಡುವೆ ಒಂದೂವರೆ, ಎರಡು ಸೆಂಟಿಮೀಟರ್‌ನಷ್ಟು ಗಾಳಿಯ ಜಾಗ ಇರುತ್ತದೆ. ಕಾರ್ಕ್ ಕೆಳಗಿಳಿದಂತೆ ಆ ಗಾಳಿ ಹಿಂಡಲ್ಪಡುತ್ತದೆ. ಜಾಗ ಅರ್ಧವಾದರೆ ಒತ್ತಡ ಎರಡು ಪಟ್ಟು, ಇದು ಬಾಯ್ಲ್ ನಿಯಮ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ಇಲ್ಲಿ ಕೆಲಸಕ್ಕೆ ಬಂತು. ಕಾರ್ಕ್ ಕೊನೆಗೆ ಕತ್ತು ದಾಟಿ ಬಿದ್ದ ಕ್ಷಣ ಆ ಒತ್ತಡದ ಗಾಳಿ ವೈನನ್ನೂ ಸೇರಿಸಿಕೊಂಡು ಮೇಲಕ್ಕೆ ನುಗ್ಗುತ್ತದೆ. ಬಿಳಿ ಶರ್ಟ್ ಹಾಕಿಕೊಂಡು ಈ ಕೆಲಸ ಮಾಡಬೇಡಿ. ಟವೆಲ್ ಬಿಗಿಯಾಗಿರಲಿ, ಮುಖ ದೂರ ಇರಲಿ.

ಕಾರ್ಕ್ ಒಳಗೆ ತೇಲುತ್ತದೆ. ಬಗ್ಗಿಸಿದಾಗ ಬಾಯಿಗೆ ಬಂದು ಅಡ್ಡ ನಿಲ್ಲುತ್ತದೆ. ಚಮಚದ ಉದ್ದ ಹಿಡಿಯನ್ನೋ ಕಬಾಬ್ ಕಡ್ಡಿಯನ್ನೋ ಬಾಯಿಯೊಳಗೆ ಇಳಿಸಿ ಕಾರ್ಕನ್ನು ಹಿಂದಕ್ಕೆ ಹಿಡಿದುಕೊಂಡು ಸುರಿಯಿರಿ. ಇನ್ನೂ ಒಳ್ಳೆಯದೆಂದರೆ ಪೂರ್ತಿ ಬಾಟಲಿಯನ್ನು ಒಂದೇ ಸಲ ಗಾಜಿನ ಜಗ್‌ಗೆ ಸುರಿದುಬಿಡಿ, ನಡುವೆ ಟೀ ಸೋಸುವ ಜಾಲರಿ ಇರಲಿ. ಎಳೆಯ ರೆಡ್ ವೈನ್‌ಗೆ ಹೀಗೆ ಗಾಳಿ ತಾಗಿದರೆ ಪರಿಮಳವೂ ಬಿಚ್ಚಿಕೊಳ್ಳುತ್ತದೆ. ಕಾರ್ಕ್ ಎಷ್ಟೋ ತಿಂಗಳಿಂದ ಅದೇ ವೈನಿಗೆ ಮುಖ ಕೊಟ್ಟು ಕೂತಿತ್ತು. ಒಂದೆರಡು ಗಂಟೆ ಅದರೊಳಗೆ ತೇಲಿದರೆ ಕೆಡುವುದೇನೂ ಇಲ್ಲ.

7. ಬೀಗದ ಕೀ ಕೊನೆಯ ಸಾಲಿಗಿರಲಿ

ಹಲ್ಲಿರುವ ಉದ್ದ ಕೀಯನ್ನು ಕಾರ್ಕ್‌ಗೆ ಓರೆಯಾಗಿ, 45 ಡಿಗ್ರಿಯಲ್ಲಿ ಚುಚ್ಚಿ, ವೃತ್ತಾಕಾರವಾಗಿ ತಿರುಗಿಸುತ್ತಾ ಮೇಲಕ್ಕೆ ತರುವುದು ಈ ವಿಧಾನ. ನಡೆಯುತ್ತದೆ, ಆದರೆ ನಿಧಾನ. ಕಾರ್ಕ್ ಅಂಚು ಪುಡಿಯಾಗುತ್ತದೆ. ಪ್ಲಾಸ್ಟಿಕ್ ಬಿರಡೆ ಇದ್ದರೆ ಕೀ ಒಳಗೇ ಹೋಗದೆ ಜಾರುತ್ತದೆ. ಮನೆಯ ಒಂದೇ ಕೀಯನ್ನು ಇದಕ್ಕೆ ಬಳಸಬೇಡಿ, ಬಾಗಿದರೆ ರಾತ್ರಿ ಬಾಗಿಲ ಹೊರಗೆ ನಿಲ್ಲುವವರು ನೀವೇ. ಹಳೆಯ ಬೀಗದ ಕೀ ಇದ್ದರೆ ಮಾತ್ರ ಪ್ರಯತ್ನಿಸಿ.

8. ಶೂ ವಿಧಾನ: ಗೊತ್ತಿರಲಿ, ಆದರೆ ಆತುರ ಬೇಡ

ಎಲ್ಲರೂ ವಿಡಿಯೊದಲ್ಲಿ ನೋಡಿರುವುದು ಇದನ್ನೇ. ಬಾಟಲಿಯ ತಳವನ್ನು ಶೂ ಹಿಮ್ಮಡಿಯೊಳಗೆ ಕೂರಿಸಿ, ಅಡ್ಡ ಹಿಡಿದು, ಗೋಡೆಗೆ ತಟ್ಟುವುದು. ಕಾರ್ಕ್ ಸ್ವಲ್ಪ ಸ್ವಲ್ಪವೇ ಹೊರಬರುತ್ತದೆ. ಪವಾಡವೇನಿಲ್ಲ. ಅಪಾರ್ಟ್‌ಮೆಂಟಿನಲ್ಲಿ ನಲ್ಲಿಯನ್ನು ಗಕ್ಕನೆ ಮುಚ್ಚಿದಾಗ ಪೈಪ್ 'ಧಡ್' ಎನ್ನುವುದನ್ನು ಕೇಳಿದ್ದೀರಲ್ಲ, ಅದೇ ತತ್ವ. ಬಾಟಲಿ ನಿಂತರೂ ಒಳಗಿನ ದ್ರವ ತಕ್ಷಣ ನಿಲ್ಲುವುದಿಲ್ಲ. ಪ್ರತಿ ಪೆಟ್ಟಿಗೂ ಅದು ಹಿಂದೆ ಮುಂದೆ ನುಗ್ಗುತ್ತದೆ, ಆ ಒತ್ತಡದ ಅಲೆ ಕಾರ್ಕನ್ನು ತಳ್ಳುತ್ತದೆ.

ತತ್ವ ಸರಿ, ಅಪಾಯವೂ ನಿಜ. ಶೂ ಜಾರಿದರೆ ಗಾಜು ನೇರ ಗೋಡೆಗೆ ಬಡಿಯುತ್ತದೆ. ನನ್ನ ತೀರ್ಪು: ಐದು ಮತ್ತು ಆರನೆಯ ಸೂತ್ರಗಳು ಎರಡೂ ಸಾಧ್ಯವಿಲ್ಲದಾಗ ಮಾತ್ರ ಇದಕ್ಕೆ ಬನ್ನಿ. ಹಿಮ್ಮಡಿ ಗಟ್ಟಿಯಾದ ಚಪ್ಪಟೆ ಶೂ ಬೇಕು, ಚಪ್ಪಲಿ ಆಗದು. ಕಲ್ಲು ಅಥವಾ ಕಾಂಕ್ರೀಟ್ ಗೋಡೆ ಬೇಕು, ಟೈಲ್ಸ್ ಹಾಕಿದ್ದು ಬೇಡ. ಬಾಡಿಗೆ ಮನೆಯ ಹೊಸ ಪೇಂಟ್ ಗೋಡೆಯಂತೂ ಬೇಡವೇ ಬೇಡ. ಕತ್ತಿಗೆ ಟವೆಲ್ ಸುತ್ತಿ. ಹಗುರವಾಗಿ, ಒಂದೇ ಲಯದಲ್ಲಿ ತಟ್ಟಿ. ಕಾರ್ಕ್ ಎರಡು ಸೆಂಟಿಮೀಟರ್ ಹೊರಬಂದ ಕೂಡಲೇ ನಿಲ್ಲಿಸಿ, ಉಳಿದದ್ದನ್ನು ಕೈಯಿಂದ ತಿರುಗಿಸಿ ಎಳೆಯಿರಿ. ತೆಗೆಯುವ ಮುನ್ನ ಐದು ನಿಮಿಷ ಬಾಟಲಿಯನ್ನು ನೆಟ್ಟಗೆ ಬಿಡಿ. ಗಸಿ ಇರುವ ಹಳೆಯ ರೆಡ್ ವೈನ್‌ಗೆ ಈ ವಿಧಾನ ಸಲ್ಲದು, ಎಲ್ಲವೂ ಕಲಕಿಹೋಗುತ್ತದೆ.

9. 'ಬೇಡ' ಎಂದು ಹೇಳಲು ಕಲಿಯಿರಿ

ಗುಂಪಿನಲ್ಲಿ ಯಾರಾದರೂ ಧೈರ್ಯವಂತರು ಈ ನಾಲ್ಕರಲ್ಲಿ ಒಂದನ್ನು ಸೂಚಿಸಿಯೇ ಸೂಚಿಸುತ್ತಾರೆ. ಅವರು ನಿಮ್ಮ ಸೀನಿಯರ್ ಆಗಿದ್ದರೂ ಸರಿ, ತಡೆಯಿರಿ.

ಚಾಕು: ಕಾರ್ಕ್‌ಗೆ ಚುಚ್ಚಿ ತಿರುಗಿಸುವಾಗ ಜಾರಿದರೆ ಇನ್ನೊಂದು ಕೈಯ ಅಂಗೈ ಸೀಳುತ್ತದೆ.

ಬೆಂಕಿ: ಲೈಟರ್‌ನಿಂದ ಕತ್ತು ಕಾಯಿಸಿದರೆ ಗಾಳಿ ಹಿಗ್ಗಿ ಕಾರ್ಕ್ ಹೊರಬರುತ್ತದೆ ಎಂಬ ನಂಬಿಕೆ ಇದೆ. ಗಾಜಿನ ಒಂದು ಭಾಗ ಬಿಸಿ, ಪಕ್ಕದ ಭಾಗ ತಣ್ಣಗೆ ಆದರೆ ಅದು ಒಡೆಯುತ್ತದೆ. ಹಳೆಯ ಪೋರ್ಟ್ ವೈನ್ ಬಾಟಲಿಯ ಕತ್ತನ್ನು ಕಾದ ಇಕ್ಕಳದಿಂದ ಹಿಡಿದು, ಆಮೇಲೆ ಒದ್ದೆ ಬಟ್ಟೆ ತಾಗಿಸಿ, ಬೇಕೆಂದೇ ಕತ್ತರಿಸುವ ಪದ್ಧತಿ ಇದೇ ತತ್ವದ ಮೇಲೆ ನಿಂತಿದೆ. ಅದು ಪಳಗಿದವರ ಕೆಲಸ, ಅದಕ್ಕೆ ಬೇರೆ ಸಲಕರಣೆ ಇದೆ.

ಸೈಕಲ್ ಪಂಪ್: ಸೂಜಿ ಚುಚ್ಚಿ ಗಾಳಿ ತುಂಬುವುದು. ಸಾಮಾನ್ಯ ವೈನ್ ಬಾಟಲಿ ಒತ್ತಡ ತಡೆಯಲೆಂದು ಮಾಡಿದ್ದಲ್ಲ. ಒಡೆದರೆ ಗಾಜು ಎಲ್ಲ ದಿಕ್ಕಿಗೂ ಸಿಡಿಯುತ್ತದೆ.

ಕತ್ತು ಒಡೆಯುವುದು: ಇದು ಚರ್ಚೆಗೂ ಯೋಗ್ಯವಲ್ಲ. ಗಾಜಿನ ಸಣ್ಣ ಚೂರು ಲೋಟದಲ್ಲಿ ಕಣ್ಣಿಗೆ ಕಾಣುವುದಿಲ್ಲ.

10. ಸ್ಪಾರ್ಕ್ಲಿಂಗ್ ವೈನ್‌ಗೆ ಬೇರೆಯೇ ನಿಯಮ

ಶಾಂಪೇನ್ ಬಾಟಲಿಯೊಳಗೆ ಐದಾರು ವಾತಾವರಣದಷ್ಟು ಒತ್ತಡ ಇರುತ್ತದೆ. ನಿಮ್ಮ ಕಾರಿನ ಟೈರ್‌ನಲ್ಲಿ ಅದರ ಅರ್ಧವೂ ಇಲ್ಲ. ಇಲ್ಲಿ ಸ್ಕ್ರೂ, ಶೂ, ಕೀ ಯಾವುದೂ ಹತ್ತಿರ ಬರಬಾರದು. ಇದಕ್ಕೆ ಓಪನರ್ ಬೇಕಾಗಿಯೇ ಇಲ್ಲ.

ಚೆನ್ನಾಗಿ ತಣ್ಣಗೆ ಮಾಡಿ, ಅಲುಗಿಸಬೇಡಿ. ಕಾರ್ಕ್ ಮೇಲೆ ಹೆಬ್ಬೆರಳು ಒತ್ತಿ ಹಿಡಿದೇ ತಂತಿಯ ಕೊಂಡಿಯನ್ನು ಆರು ಅರ್ಧ ಸುತ್ತು ಬಿಚ್ಚಿ. ಈ ತಂತಿ ಕಟ್ಟುವ ಪದ್ಧತಿಗೆ ಫ್ರಾನ್ಸಿನ ಅಡಾಲ್ಫ್ ಜಾಕ್‌ಸನ್ 1844ರಲ್ಲಿ ಪೇಟೆಂಟ್ ಪಡೆದರು. ಅದಕ್ಕೂ ಮುಂಚೆ ದಾರದಿಂದ ಕಟ್ಟುತ್ತಿದ್ದರು. ತಂತಿಯನ್ನು ತೆಗೆಯಬೇಡಿ, ಸಡಿಲಿಸಿ ಹಾಗೇ ಬಿಡಿ. ಟವೆಲ್ ಹೊದಿಸಿ. ಬಾಟಲಿಯನ್ನು 45 ಡಿಗ್ರಿ ಓರೆ ಹಿಡಿದು, ಕಾರ್ಕನ್ನು ಗಟ್ಟಿಯಾಗಿ ಹಿಡಿದುಕೊಂಡು ಬಾಟಲಿಯನ್ನು ತಿರುಗಿಸಿ. ಕಾರ್ಕ್ ತಾನಾಗಿ ಮೇಲೆ ಬರುತ್ತದೆ, ನೀವು ಅದನ್ನು ತಡೆದು ನಿಧಾನ ಮಾಡಬೇಕು. 'ಠಪ್' ಎಂಬ ದೊಡ್ಡ ಸದ್ದು ಬೇಡ, 'ಸ್ಸ್' ಎಂಬ ಸಣ್ಣ ಸದ್ದು ಬಂದರೆ ಸರಿಯಾಗಿ ತೆರೆದಿರಿ ಎಂದರ್ಥ. ಬಾಯಿ ಯಾರ ಕಡೆಗೂ ಮುಖ ಮಾಡಿರಬಾರದು. ಹಾರಿದ ಕಾರ್ಕ್ ಕಣ್ಣಿಗೆ ಬಡಿದರೆ ದೃಷ್ಟಿಯೇ ಹೋಗಬಹುದು.

11. ಕಾರ್ಕ್ ಮುರಿದರೆ ಗಾಬರಿ ಬೇಡ

ಅರ್ಧ ಹೊರಬಂತು, ಅರ್ಧ ಒಳಗೇ ಉಳಿಯಿತು. ಆರನೇ ಸೂತ್ರಕ್ಕೆ ಹೋಗಿ, ಉಳಿದದ್ದನ್ನು ತಳ್ಳಿ, ಸೋಸಿ. ಕೆಲಸ ಮುಗಿಯಿತು.

ಲೋಟದಲ್ಲಿ ಕಾರ್ಕ್ ಪುಡಿ ತೇಲಿದರೆ "ವೈನ್ ಕೆಟ್ಟಿದೆ" ಎಂದು ಯಾರಾದರೂ ಹೇಳಬಹುದು. ವಿನಯದಿಂದ ತಿದ್ದಿ. ಕಾರ್ಕ್‌ನಿಂದ ವೈನ್ ಕೆಡುವುದು ಟ್ರೈಕ್ಲೋರೋಅನಿಸೋಲ್ ಎಂಬ ರಾಸಾಯನಿಕದಿಂದ. ಅದಿದ್ದರೆ ಒದ್ದೆ ರಟ್ಟಿನ, ಮುಗ್ಗಲು ಹಿಡಿದ ನೆಲಮಾಳಿಗೆಯ ವಾಸನೆ ಬರುತ್ತದೆ. ಅದು ಬಾಟಲಿ ತೆರೆಯುವ ಮುನ್ನವೇ ಆಗಿರುವ ದೋಷ, ನಿಮ್ಮ ಕೈಯದ್ದಲ್ಲ. ಪುಡಿಗೂ ಅದಕ್ಕೂ ಸಂಬಂಧವಿಲ್ಲ. ಚಮಚದಿಂದ ತೆಗೆದು ಕುಡಿಯಬಹುದು.

ಅರ್ಧ ಉಳಿದ ವೈನನ್ನು ತೊಳೆದು ಒಣಗಿಸಿದ ಸಣ್ಣ ಬಾಟಲಿಗೆ ಕಂಠಮಟ್ಟ ತುಂಬಿ, ಮುಚ್ಚಳ ಬಿಗಿಮಾಡಿ, ಫ್ರಿಜ್‌ನಲ್ಲಿಡಿ. ಗಾಳಿ ಕಡಿಮೆ ತಾಗಿದಷ್ಟೂ ಅದು ಹೆಚ್ಚು ದಿನ ಉಳಿಯುತ್ತದೆ. ಮೂರು ನಾಲ್ಕು ದಿನದಲ್ಲಿ ಮುಗಿಸಿ. ರುಚಿ ಹೋದರೆ ಅಡುಗೆಗೆ ಬಳಸಿ.

12. ಸಲಕರಣೆ ಕೊಳ್ಳಿ, ನಿಯಮ ಪಾಲಿಸಿ

ಒಮ್ಮೆ ಗೆದ್ದಿರಿ, ಸಂತೋಷ. ಪ್ರತಿ ಸಲವೂ ಸರ್ಕಸ್ ಮಾಡುವುದು ಜಾಣತನವಲ್ಲ. ಹೋಟೆಲ್ ವೇಟರ್‌ಗಳ ಜೇಬಿನಲ್ಲಿರುವ ಮಡಚುವ ಓಪನರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಜರ್ಮನಿಯ ಕಾರ್ಲ್ ವಿಂಕೆ 1882ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ ಅದು. ಸನ್ನೆಯ ತತ್ವದಿಂದ ಮೂವತ್ತು ಕೆ.ಜಿ.ಯ ಕೆಲಸವನ್ನು ಎರಡು ಬೆರಳಿಗೆ ಇಳಿಸುತ್ತದೆ. ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ: ಸುರುಳಿಯ ನಟ್ಟ ನಡುವೆ ಬೆಂಕಿಕಡ್ಡಿ ತೂರಬೇಕು. ನಡು ಟೊಳ್ಳಾದ ಸುರುಳಿ ಕಾರ್ಕನ್ನು ಹಿಡಿಯುತ್ತದೆ, ನಡು ಗಟ್ಟಿಯಾದದ್ದು ಕೊರೆದು ಪುಡಿ ಮಾಡುತ್ತದೆ. ವಿಮಾನದಲ್ಲಿ ಹೋಗುವಾಗ ಅದನ್ನು ಚೆಕ್-ಇನ್ ಬ್ಯಾಗಿಗೆ ಹಾಕಿ, ಕೈಚೀಲದಲ್ಲಿದ್ದರೆ ಸೆಕ್ಯೂರಿಟಿಯಲ್ಲೇ ಬಿಟ್ಟು ಹೋಗಬೇಕಾದೀತು.

ಸರಿಯಾಗಿ ತೆರೆಯುವುದನ್ನು ಕಣ್ಣಾರೆ ನೋಡಬೇಕೇ? ದೂರ ಹೋಗಬೇಕಿಲ್ಲ. ಬೆಂಗಳೂರಿನ ಪಕ್ಕ ದೊಡ್ಡಬಳ್ಳಾಪುರದ ರಘುನಾಥಪುರದಲ್ಲಿ, ನಂದಿಬೆಟ್ಟದ ತಪ್ಪಲಿನಲ್ಲಿ, 1988ರಲ್ಲಿ ಶುರುವಾದ ಗ್ರೋವರ್ ವೈನರಿ ಇದೆ. ದ್ರಾಕ್ಷಿ ತೋಟ, ಓಕ್ ಪೀಪಾಯಿ, ರುಚಿ ನೋಡುವ ಕ್ರಮ ಎಲ್ಲವನ್ನೂ ಅಲ್ಲಿ ತೋರಿಸುತ್ತಾರೆ. ಸುರಿಯುವವರ ಕೈ ಗಮನಿಸಿ, ಪ್ರಶ್ನೆ ಕೇಳಿ, ಒಂದು ಬಾಟಲಿ ನಾನು ತೆರೆಯಲೇ ಎಂದು ಕೇಳಿ.

ಎರಡು ಮಾತು ಗಟ್ಟಿಯಾಗಿ ಹೇಳುತ್ತೇನೆ. ಕರ್ನಾಟಕದಲ್ಲಿ ಮದ್ಯ ಕೊಳ್ಳಲು 21 ವರ್ಷ ತುಂಬಿರಬೇಕು. ಅದಕ್ಕಿಂತ ಚಿಕ್ಕವರಾದರೆ ಈ ಲೇಖನದ ಫಿಸಿಕ್ಸ್ ಮಾತ್ರ ನಿಮ್ಮದು. ಮತ್ತು ಬಾಟಲಿ ತೆರೆದ ರಾತ್ರಿ ಘಾಟಿ ರಸ್ತೆಯಲ್ಲಿ ಕಾರು ಓಡಿಸುವವರು ಒಂದು ಹನಿಯನ್ನೂ ಮುಟ್ಟಬಾರದು. ಅವರು ಯಾರೆಂದು ಕಾರ್ಕ್ ತೆಗೆಯುವ ಮುನ್ನವೇ ತೀರ್ಮಾನಿಸಿ, ಕಾರಿನ ಕೀ ಅವರ ಕೈಗೆ ಕೊಡಿ.